ಥರ್ಟೀ ಎಂದರೆ ಎಷ್ಟು? ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಇಂಗ್ಲಿಷ್ ಕುರಿತು ಒಂದು ಟಿಪ್ಪಣಿ

ಗದ್ವಾಲದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮೊದಲ ಸಲ ಕಂಡವರು ಅದನ್ನು 'ಗಡ್ವಾಲ್' ಎಂದೇ ಓದುತ್ತಾರೆ. ಇಂಗ್ಲಿಷಿನ ಒಂದೇ 'ಡಿ' ನಮ್ಮ ದಕಾರಕ್ಕೂ ಡಕಾರಕ್ಕೂ ದುಡಿಯಬೇಕಾಗಿರುವುದರಿಂದ ಇದು ಸಹಜ. ಉತ್ತರ ಭಾರತದವರಿಗಂತೂ ಹಿಮಾಲಯದ ಗಢವಾಲವೇ ನೆನಪಿಗೆ ಬರುತ್ತದೆ. ಈ ಬಗೆಯ ತಪ್ಪು ತಿದ್ದಿಕೊಳ್ಳುವುದು ಸುಲಭ. ಊರಿನ ಯಾರ ಬಾಯಲ್ಲಾದರೂ ಒಮ್ಮೆ 'ಗದ್ವಾಲ' ಎಂದು ಕೇಳಿಸಿಕೊಂಡರೆ ಮುಗಿಯಿತು. ಕಣ್ಣಿನ ತಪ್ಪನ್ನು ಕಿವಿ ತಿದ್ದುತ್ತದೆ. ಕಿವಿಯೇ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ನೋಡುವುದು ಈ ಟಿಪ್ಪಣಿಯ ಉದ್ದೇಶ.

ಬೆಂಗಳೂರು, ಮೈಸೂರು, ಶಿವಮೊಗ್ಗದ ಕಡೆಯಿಂದ ತೆಲಂಗಾಣದ ಈ ಸೀಮೆಗೆ ಬರುವ ಕನ್ನಡಿಗರು ಒಂದು ದೂರು ಹೇಳುತ್ತಾರೆ: 'ಇಲ್ಲಿಯವರು ಇಂಗ್ಲಿಷ್ ಮಾತಾಡಿದರೆ ಅರ್ಥವೇ ಆಗುವುದಿಲ್ಲ.' ದೂರು ಮೇಲುನೋಟಕ್ಕೆ ವಿಚಿತ್ರ. ತೆಲುಗು ಮತ್ತು ಕನ್ನಡ ಒಂದೇ ಮನೆತನದ ಭಾಷೆಗಳು, ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದೇ, ಲಿಪಿಗಳು ಅಕ್ಕತಂಗಿಯರಂತಿವೆ. 'ಯುವರ್ ನೇಮ್ ವಾಟ್ ಸಾರ್?' ಎಂದು ಕೇಳಿದರೆ ಲಂಡನ್ನಿನವನು ಕ್ಷಣ ತಡೆಯಬಹುದು, ಕನ್ನಡಿಗನಿಗೆ ಅದು ತನ್ನದೇ ವಾಕ್ಯ. ಹಾಗಿದ್ದೂ ತೊಡಕು ಎಲ್ಲಿ ಬರುತ್ತದೆ?

ನನ್ನ ಉತ್ತರ ಇಷ್ಟು: ಎರಡೂ ಕಡೆಯ ಇಂಗ್ಲಿಷ್ ಬಹುಪಾಲು ಒಂದೇ ಆಗಿರುವುದೇ ತೊಡಕಿನ ಮೂಲ. ಕೇಳುಗ ತನಗೆ ಗೊತ್ತಿರುವ ಇಂಗ್ಲಿಷೇ ಇದೆಂದು ನಂಬಿ ಕಿವಿ ಸಡಿಲಿಸಿರುತ್ತಾನೆ. ಎರಡೂ ಬೇರೆಯಾಗುವ ಒಂದೆರಡು ಕಡೆ, ಅದೂ ದುಡ್ಡು, ಗಂಟೆ, ಕಚೇರಿಗಳ ವಿಷಯದಲ್ಲೇ, ಎಡವುತ್ತಾನೆ.

ಇಲ್ಲಿ 'ಇಂಗ್ಲಿಷ್' ಎಂದಾಗ ಆದ್ಯಂತ ಇಂಗ್ಲಿಷಿನಲ್ಲೇ ನಡೆಯುವ ಸಂಭಾಷಣೆ ಎಂದು ತಿಳಿಯಬಾರದು. ಬಸ್ ನಿಲ್ದಾಣ, ಸೀರೆ ಅಂಗಡಿ, ಲಾಡ್ಜು, ಕಚೇರಿಗಳಲ್ಲಿ ಹೊರಗಿನವರಿಗೆಂದು ಆಡುವ ಬಿಡಿ ಪದ, ಅರ್ಧ ವಾಕ್ಯ, ಸಂಖ್ಯೆ, ಹುದ್ದೆಯ ಹೆಸರು ಇವೇ ಹೆಚ್ಚು. ಪ್ರಯಾಣದಲ್ಲಿರುವವನಿಗೆ ಬೇಕಾಗುವುದೂ ಇಷ್ಟೇ.

ಈ ಸೀಮೆಗೆ ಇಂಗ್ಲಿಷ್ ಬಂದ ದಾರಿಯನ್ನು ಮೊದಲು ನೋಡಬೇಕು. 1948ರವರೆಗೆ ಇದೆಲ್ಲ ನಿಜಾಮರ ಹೈದರಾಬಾದ್ ರಾಜ್ಯ. ಆಡಳಿತದ ಭಾಷೆ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಉರ್ದು ಮಾಧ್ಯಮದ್ದು. ಮದರಾಸು ಅಥವಾ ಮೈಸೂರಿನಲ್ಲಿ ಇಂಗ್ಲಿಷ್ ಕುಳಿತಿದ್ದ ಕುರ್ಚಿಯಲ್ಲಿ ಇಲ್ಲಿ ಉರ್ದು ಕುಳಿತಿತ್ತು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆ ಮೈಸೂರಿಗೆ ಬಂತು, ಆದರೆ ಅದೇ ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಪ್ರದೇಶದ ಮಹಬೂಬನಗರಕ್ಕೆ ಸೇರಿದವು. ಮಕ್ತಲ್, ನಾರಾಯಣಪೇಟೆ ಮೊದಲಿನಿಂದಲೂ ಮಹಬೂಬನಗರದವು. ಗದ್ವಾಲ 2016ರಲ್ಲಿ ಜೋಗುಳಾಂಬ ಗದ್ವಾಲ ಎಂಬ ಜಿಲ್ಲೆಯಾಯಿತು, ನಾರಾಯಣಪೇಟೆ 2019ರಲ್ಲಿ. ಕೃಷ್ಣಾ ನದಿ ತೆಲಂಗಾಣಕ್ಕೆ ಕಾಲಿಡುವುದು ಇಲ್ಲಿಯ ತಂಗಡಿಯ ಬಳಿ. ಆ ಭಾಗದ ಕೃಷ್ಣಾ ಮಂಡಲದ ಊರುಗಳಲ್ಲಿ ಮನೆಮಾತು ಇಂದಿಗೂ ಕನ್ನಡ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ನಾರಾಯಣಪೇಟೆ ಪಟ್ಟಣದಲ್ಲಿ ಮರಾಠಿಯೂ ಸೇರಿ ನಾಲ್ಕು ಮಾತು. ವ್ಯವಹಾರದ ಸೆಳೆತ ಗಡಿಯ ಈಚೆಗೂ ಇತ್ತೆಂಬುದಕ್ಕೆ ರೈಲ್ವೆಯವರದೇ ಸಾಕ್ಷಿ: ಇಂದಿನ ಯಾದಗಿರಿ ಜಿಲ್ಲೆಯ ಸೈದಾಪುರದ ನಿಲ್ದಾಣಕ್ಕೆ ಬಹುಕಾಲ 'ನಾರಾಯಣಪೇಟ್ ರೋಡ್' ಎಂದು ಹೆಸರಿತ್ತು.

ಹೀಗೆ ಉರ್ದುವಿನ ಮೇಲೆ ತೆಲುಗು, ತೆಲುಗಿನ ಮೇಲೆ ಇಂಗ್ಲಿಷ್. ಕನ್ನಡ ಮನೆಯೊಳಗೆ ಉಳಿಯಿತು. ಕೃಷ್ಣಾ ಮಂಡಲದ ಕನ್ನಡಿಗನ ಇಂಗ್ಲಿಷ್ ರಾಯಚೂರಿನ ಕನ್ನಡಿಗನ ಇಂಗ್ಲಿಷಿನಂತೆ ಕೇಳಿಸಬೇಕೆಂದೇನೂ ಇಲ್ಲ. ಸರ್ಕಾರಿ ಹುದ್ದೆಗಳ, ಸಂಖ್ಯೆಗಳ ಇಂಗ್ಲಿಷನ್ನು ಅವನು ಕಲಿತದ್ದು ತೆಲುಗು ಬಾಯಿಂದ.

ಮೊದಲನೆಯ ಎಡವು ಸಂಕ್ಷಿಪ್ತ ಹೆಸರುಗಳಲ್ಲಿ. ಮಕ್ತಲ್‌ನಲ್ಲಿ ದಾರಿ ಕೇಳಿದರೆ 'ಎಮ್ಮಾರ್ವೋ ಆಫೀಸ್ ಪಕ್ಕ' ಎಂಬ ಉತ್ತರ ಬರುವುದು ಸಾಮಾನ್ಯ. ದಕ್ಷಿಣದ ಕನ್ನಡಿಗ ಇದನ್ನು ಯಾವುದೋ ಮನುಷ್ಯನ ಅಥವಾ ಕಂಪನಿಯ ಹೆಸರೆಂದು ಭಾವಿಸುತ್ತಾನೆ. ಅದು ಎಂ.ಆರ್.ಓ., ಅಂದರೆ ಮಂಡಲ ರೆವಿನ್ಯೂ ಆಫೀಸರ್. ಹುದ್ದೆಯ ಅಧಿಕೃತ ಹೆಸರು ಈಗ ತಹಶೀಲ್ದಾರ್ ಎಂದಾಗಿದೆ, ಜನರ ಬಾಯಲ್ಲಿ ಹಳೆಯದೇ ನಿಂತಿದೆ. ಇಲ್ಲಿ ನಡೆದಿರುವುದು ಎರಡು ಕೆಲಸ. ಒಂದು, ಬಿಡಿ ಅಕ್ಷರಗಳ ನಡುವಿನ ಸಂದು ಮುಚ್ಚಿ, ಹಿಂದಿನ ವ್ಯಂಜನ ಇಮ್ಮಡಿಸಿ ಮುಂದಿನ ಸ್ವರಕ್ಕೆ ಅಂಟಿಕೊಂಡಿದೆ: ಎಂ ಮತ್ತು ಆರ್ ಕೂಡಿ 'ಎಮ್ಮಾರ್'. ಎರಡು, ಪದದ ನಡುವೆ ಬಂದ ಓಕಾರಕ್ಕೆ ವಕಾರದ ಆಸರೆ ಸಿಕ್ಕಿದೆ. ಏಕಾರ ಬಂದರೆ ಯಕಾರ: ಎಮ್ಮೆಲ್ಯೇ. ಆರ್ಡೀವೋ (ಆರ್.ಡಿ.ಓ.), ಎಸ್ಸೈ (ಎಸ್.ಐ.) ಎಲ್ಲವೂ ಇದೇ ಅಚ್ಚಿನವು. 2020ರಲ್ಲಿ ಹುದ್ದೆಯೇ ರದ್ದಾದ 'ವೀಆರ್ವೋ' (ವಿಲೇಜ್ ರೆವಿನ್ಯೂ ಆಫೀಸರ್) ಕೂಡ ಹಾಗೆಯೇ.

ಯಕಾರ, ವಕಾರಗಳ ಈ ಆಗಮ ಕನ್ನಡಕ್ಕೇನೂ ಹೊಸದಲ್ಲ. ಶಾಲೆಯ ವ್ಯಾಕರಣದಲ್ಲಿ ಎಲ್ಲರೂ ಓದಿದ ಆಗಮ ಸಂಧಿ ಇದೇ. 'ಎಂಟು' ಎಂದು ಬರೆದು 'ಯೆಂಟು' ಎನ್ನುವ ನಾಲಗೆ ನಮ್ಮದೂ ಹೌದು. ವ್ಯತ್ಯಾಸ ಬರವಣಿಗೆಯಲ್ಲಿದೆ. ಕನ್ನಡ ಪತ್ರಿಕೆಗಳು 'ಎಂಎಲ್‌ಎ', 'ಪಿಡಿಒ' ಎಂದು ಅಕ್ಷರಗಳನ್ನು ಬಿಡಿಬಿಡಿಯಾಗಿ ಉಳಿಸುತ್ತವೆ. ತೆಲುಗು ಪತ್ರಿಕೆಗಳು ಬಾಯಿ ಹೇಳಿದಂತೆ 'ಎಮ್ಮೆಲ್ಯೇ', 'ಆರ್ಡೀವೋ' ಎಂದು ಅಚ್ಚುಹಾಕುತ್ತವೆ. ಅಚ್ಚಾದದ್ದು ಮತ್ತೆ ಬಾಯಿಗೆ ಬಂದು ಗಟ್ಟಿಯಾಗುತ್ತದೆ. ಹಾಗಾಗಿ ಅಲ್ಲಿ ಎಮ್ಮಾರ್ವೋ ಒಂದು ಪದ, ನಮಗೆ ಅದು ಮೂರು ಅಕ್ಷರ. ಕಿವಿ ಮೂರು ತುಂಡು ಹುಡುಕುತ್ತಿರುವಾಗ ಒಂದೇ ತುಂಡು ಸಿಕ್ಕರೆ ಗುರುತು ಹತ್ತುವುದಿಲ್ಲ. ಇದರ ಮೇಲೆ ತೆಲಂಗಾಣದ ಸಪ್ತಮಿಯ ಲಕಾರವೂ ಸೇರಿ 'ಎಮ್ಮಾರ್ವೋ ಆಫೀಸ್ಲ' ಎಂದಾದರೆ ಇಂಗ್ಲಿಷಿನ ಅಂಚು ಎಲ್ಲಿ ಮುಗಿಯಿತು ಎಂಬುದೂ ತಿಳಿಯದು.

ಉಚ್ಚಾರಣೆ ಬಿಡಿಸಿಕೊಂಡರೂ ಆಡಳಿತದ ಚರಿತ್ರೆ ಅಡ್ಡ ಬರುತ್ತದೆ. ಆಂಧ್ರದಲ್ಲಿ ತಾಲೂಕುಗಳನ್ನು ಒಡೆದು ಮಂಡಲಗಳನ್ನು ಮಾಡಿದ್ದು 1985ರಲ್ಲಿ, ಎನ್.ಟಿ. ರಾಮರಾಯರ ಕಾಲದಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕರ್ನಾಟಕದಲ್ಲಿ ಮಂಡಲ ಪಂಚಾಯಿತಿಗಳು ಬಂದು 1993ರಲ್ಲಿ ಹೋದವು. ವಯಸ್ಸಾದ ಕನ್ನಡಿಗನಿಗೆ ಮಂಡಲವೆಂದರೆ ನಾಲ್ಕಾರು ಹಳ್ಳಿಗಳ ಪಂಚಾಯಿತಿ, ಅಲ್ಲಿಯವರಿಗೆ ಅದು ನಮ್ಮ ತಾಲೂಕಿನ ಜಾಗದಲ್ಲಿ ನಿಂತ ಘಟಕ. ತಿರುಗಿ ನೋಡಿದರೂ ಇದೇ ಕಥೆ. ನಮ್ಮವರು 'ಡಿಸಿ ಆಫೀಸ್ ಎಲ್ಲಿ?' ಎಂದು ಕೇಳಿದರೆ ನಾರಾಯಣಪೇಟೆಯ ಅಂಗಡಿಯವರು ಮುಖ ನೋಡುತ್ತಾರೆ. ಅವರಿಗೆ ಗೊತ್ತಿರುವುದು ಕಲೆಕ್ಟರ್, ಕಲೆಕ್ಟರೇಟ್. ಇನ್ನು 'ಡಿಸಿಎಂ' ವಿಚಾರ. ತೆಲಂಗಾಣದಲ್ಲಿ ಅದು ಸಾಮಾನು ಸಾಗಿಸುವ ಮಧ್ಯಮ ಗಾತ್ರದ ಲಾರಿ. ಡಿಸಿಎಂ ಟೊಯೋಟಾ ಎಂಬ ಕಂಪನಿ ಹೋದರೂ ಅದರ ಹೆಸರು ಆ ಬಗೆಯ ಎಲ್ಲ ಗಾಡಿಗಳಿಗೂ ಉಳಿದುಬಿಟ್ಟಿದೆ. 'ಡಿಸಿಎಂ ಬೋಲ್ತಾ' ಎಂದು ಅಲ್ಲಿಯ ಪತ್ರಿಕೆ ಬರೆದರೆ ಗಾಡಿ ಮಗುಚಿತೆಂದು ಅರ್ಥ. ಬೆಂಗಳೂರಿನ ರಾಜಕೀಯ ಸುದ್ದಿ ಓದಿ ರೂಢಿಯಾದವನು ಆ ಸಾಲಿಗೆ ಯಾವ ಅರ್ಥ ಹಚ್ಚುತ್ತಾನೆಂದು ಬೇರೆ ಹೇಳಬೇಕಿಲ್ಲ.

ಎರಡನೆಯ ಎಡವು ಸಂಖ್ಯೆಗಳಲ್ಲಿ. ಈ ಟಿಪ್ಪಣಿಯಲ್ಲಿ ನಾನು ಹೆಚ್ಚು ತೂಕ ಕೊಡುವುದು ಇದಕ್ಕೇ, ಏಕೆಂದರೆ ಇದರ ಬಗ್ಗೆ ದೂರು ಹೇಳುವವರಿಗೂ ದೂರು ಏನೆಂದು ಸ್ಪಷ್ಟವಿರುವುದಿಲ್ಲ.

ಇಂಗ್ಲಿಷಿನಲ್ಲಿ ಹದಿಮೂರು, ಮೂವತ್ತು ಈ ಎರಡನ್ನು ಬೇರ್ಪಡಿಸುವುದು ಮುಖ್ಯವಾಗಿ ಒತ್ತು: ಹದಿಮೂರಕ್ಕೆ ಕೊನೆಯ ಭಾಗದ ಮೇಲೆ, ಮೂವತ್ತಕ್ಕೆ ಮೊದಲ ಭಾಗದ ಮೇಲೆ. ನಮ್ಮ ಭಾಷೆಗಳು ಈ ಬಗೆಯ ಒತ್ತನ್ನು ಅರ್ಥ ಬೇರ್ಪಡಿಸಲು ಬಳಸುವುದಿಲ್ಲ, ಹಾಗಾಗಿ ನಮ್ಮ ಇಂಗ್ಲಿಷಿನಲ್ಲೂ ಅದು ಮಸುಕು. ಕನ್ನಡಿಗ ಅದರ ಬದಲಿಗೆ ಎರಡು ಗುರುತು ಇಟ್ಟುಕೊಂಡಿದ್ದಾನೆ. ಹದಿಮೂರು 'ಥರ್ಟೀನ್': ಈಕಾರ ದೀರ್ಘ, ಕೊನೆಗೆ ನಕಾರ. ಮೂವತ್ತು 'ಥರ್ಟಿ': ಇಕಾರ ಹ್ರಸ್ವ, ನಕಾರ ಇಲ್ಲ. ಒಂದು ಗುರುತು ಗದ್ದಲದಲ್ಲಿ ಹೋದರೂ ಇನ್ನೊಂದು ಕೈಹಿಡಿಯುತ್ತದೆ.

ತೆಲುಗಿನಲ್ಲಿ ಈ ಎರಡು ಗುರುತುಗಳಲ್ಲಿ ಒಂದು ಇಲ್ಲ. ಇಂಗ್ಲಿಷ್ ಪದಗಳ ಕೊನೆಯ ಇಕಾರವನ್ನು ತೆಲುಗು ದೀರ್ಘವಾಗಿಯೇ ತೆಗೆದುಕೊಂಡಿದೆ, ದೀರ್ಘವಾಗಿಯೇ ಬರೆಯುತ್ತದೆ. ನಾವು ಸಿಟಿ, ಪಾರ್ಟಿ, ಕಮಿಟಿ, ಡ್ಯೂಟಿ ಎಂದರೆ ಅವರು ಸಿಟೀ, ಪಾರ್ಟೀ, ಕಮಿಟೀ, ಡ್ಯೂಟೀ. ಅದೇ ನಿಯಮದಂತೆ ಮೂವತ್ತು 'ಥರ್ಟೀ', ಅರವತ್ತು 'ಸಿಕ್ಸ್‌ಟೀ'. ಹಾಗಾದರೆ ಹದಿಮೂರಕ್ಕೂ ಮೂವತ್ತಕ್ಕೂ ಉಳಿದ ವ್ಯತ್ಯಾಸ ಕೊನೆಯ ನಕಾರವೊಂದೇ. ಇಂಜಿನ್ ಚಾಲೂ ಇರುವ ಬಸ್ಸಿನ ಪಕ್ಕದಲ್ಲಿ ನಿಂತು ಕೇಳುವಾಗ ಮೊದಲು ಕಳೆದುಹೋಗುವುದೂ ಆ ನಕಾರವೇ. ತೆಲುಗು ಕಿವಿಗೆ ಇದರ ಅಭ್ಯಾಸವಿದೆ, ಅದು ನಕಾರವನ್ನೇ ಕಾದು ಹಿಡಿಯುತ್ತದೆ. ಕನ್ನಡ ಕಿವಿ ದೀರ್ಘವನ್ನು ನಂಬುತ್ತದೆ. ದೀರ್ಘ ಕೇಳಿಸಿತು, ಅಲ್ಲಿಗೆ ಹದಿಮೂರೆಂದು ತೀರ್ಮಾನವಾಯಿತು. ರಾಯಚೂರಿನ ಬಸ್ಸು 'ಸಿಕ್ಸ್ ಥರ್ಟೀ'ಗೆ ಎಂದು ಹೇಳಿದಾಗ ಆರೂ ಹದಿಮೂರೆಂದು ಬರೆದುಕೊಂಡವನು ನಿಲ್ದಾಣಕ್ಕೆ ಬೇಗ ಬಂದು ಕಾಯುತ್ತಾನೆ, ನಷ್ಟವಿಲ್ಲ. ಅಂಗಡಿಯಲ್ಲಿ ಸಾವಿರದ ಮುಂದೆ ಬರುವ 'ಸಿಕ್ಸ್‌ಟೀ' ಹಾಗಲ್ಲ.

ನಲವತ್ತು, ಹದಿನಾಲ್ಕರಲ್ಲಿ ಈ ಗೊಂದಲ ಕಡಿಮೆ. ಅಲ್ಲಿ ಮೊದಲ ಸ್ವರವೇ ಬೇರೆಯಾಗಿರುತ್ತದೆ, 'ಫಾರ್ಟೀ' ಮತ್ತು 'ಫೋರ್ಟೀನ್'. ಆ ಕಡೆಯವರೂ ಈ ಕಡೆಯವರೂ ಈ ವ್ಯತ್ಯಾಸವನ್ನು ಉಳಿಸಿಕೊಂಡಿದ್ದಾರೆ. ಎಲ್ಲ ಸಂಖ್ಯೆಗಳೂ ಒಂದೇ ರೀತಿ ತೊಡಕು ಕೊಡುವುದಿಲ್ಲ ಎಂಬುದು ನನ್ನ ವಿವರಣೆಗೆ ಬಲ ಕೊಡುತ್ತದೆ. ತೊಡಕು ಬರಿಯ 'ವಿಚಿತ್ರ ಉಚ್ಚಾರಣೆ'ಯದಾಗಿದ್ದರೆ ಅದು ಎಲ್ಲ ಕಡೆ ಸಮನಾಗಿ ಹರಡಿರಬೇಕಿತ್ತು.

ಸ್ಥಳೀಯರಿಗೆ ಇದರ ಮದ್ದು ಗೊತ್ತಿದೆ. ಗಿರಾಕಿಯ ಮುಖದಲ್ಲಿ ಅನುಮಾನ ಕಂಡರೆ ನಾರಾಯಣಪೇಟೆಯ ವ್ಯಾಪಾರಿ 'ತೀಸ್, ತೀಸ್' ಎಂದು ದಖನಿ ಉರ್ದುವಿಗೆ ಜಾರುತ್ತಾನೆ, ಇಲ್ಲವೇ 'ತ್ರೀ ಜೀರೋ' ಎಂದು ಅಂಕಿ ಬಿಡಿಸುತ್ತಾನೆ. ಆ 'ಜೀರೋ'ದ ಜಕಾರ ಮಾತ್ರ ಯಾರು ಹೇಳಿದರೆಂಬುದರ ಮೇಲೆ ನಿಂತಿದೆ. ದಖನಿ ಮಾತಾಡುವವರ ಬಾಯಲ್ಲಿ ಅದು ಇಂಗ್ಲಿಷಿನಷ್ಟೇ ಸ್ವಚ್ಛ ಘರ್ಷಧ್ವನಿ, ಕನ್ನಡ ಮನೆಮಾತಿನವರಲ್ಲಿ ನಮ್ಮ ಜಾತ್ರೆಯ ಜಕಾರ. ಜೊತೆಗೆ ತೆಲುಗಿನಲ್ಲಿ ದಂತ್ಯ ಜಕಾರವೊಂದು ಬೇರೆ ಇದ್ದು, ಅದು ಅ, ಉ, ಒಕಾರಗಳ ಹಿಂದೆ ಬರುವುದರಿಂದ 'ಜೋನ್' ಎಂಬಂಥ ಪದಗಳಲ್ಲಿ ಮೂರನೆಯ ನಾದವೊಂದು ಕೇಳಿಸುತ್ತದೆ. ಒಂದೇ ಬೀದಿಯ ಒಂದೇ ಪದದಲ್ಲಿ ಮೂರು ಜಕಾರ. ಇದು ಕುತೂಹಲದ ಸಂಗತಿ, ತೊಡಕಿನದಲ್ಲ. ಇದರಿಂದ ದಾರಿ ತಪ್ಪಿದವರನ್ನು ನಾನು ಕಂಡಿಲ್ಲ.

ಸೀರೆ ಅಂಗಡಿಯಲ್ಲಿ ಇನ್ನೊಂದು ಬಗೆಯ ಪೇಚು ಕಾದಿರುತ್ತದೆ. ನಾರಾಯಣಪೇಟೆಯದು ಚೌಕಳಿಯ ಒಡಲು, ಗುಡಿಗೋಪುರದಂಥ ಅಂಚು. ಗದ್ವಾಲದ್ದು ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೆರಗು ಜೋಡಿಸಿದ್ದು, ಆ ಜೋಡಣೆಗೇ ಅಲ್ಲಿ 'ಕುಟ್ಟು' ಎನ್ನುತ್ತಾರೆ. ಸೀರೆ ಬಿಚ್ಚಿ ತೋರಿಸುತ್ತಾ ವ್ಯಾಪಾರಿ 'ಜಾಕೆಟ್ ಪೀಸ್ ಅಟ್ಯಾಚ್ಡ್ ಮೇಡಮ್' ಎಂದರೆ ಪ್ರತಿ ಧ್ವನಿಯೂ ತಿಳಿಯಾಗಿ ಕೇಳಿಸುತ್ತದೆ. ಆದರೂ ಮೈಸೂರಿನ ಮಹಿಳೆ ಬಿಸಿಲಿನ ಊರಿನಲ್ಲಿ ಜಾಕೆಟ್ ಏಕೆ ಎಂದು ಯೋಚಿಸುತ್ತಾಳೆ. ತೆಲುಗಿನಲ್ಲಿ ಜಾಕೆಟ್ಟು ಎಂದರೆ ರವಿಕೆ. ಉತ್ತರ ಕರ್ನಾಟಕದ ಹೆಂಗಸರಿಗೆ ಇದು ಅಷ್ಟು ಬೆರಗು ತರಲಾರದು, ಅವರು ಅದನ್ನೇ ಇನ್ನೊಂದು ಇಂಗ್ಲಿಷ್ ಉಡುಪಿನ ಹೆಸರಿಟ್ಟು ಜಂಪರ್ ಎಂದು ಕರೆದವರು.

ಇಂಥ ಕಡೆ ಭಾಷಾ ವಿದ್ವಾಂಸರಾದ ಲ್ಯಾರಿ ಸ್ಮಿತ್ ಮತ್ತು ಸೆಸಿಲ್ ನೆಲ್ಸನ್ 1985ರಲ್ಲಿ ಮುಂದಿಟ್ಟ ವಿಂಗಡಣೆ ಉಪಯೋಗಕ್ಕೆ ಬರುತ್ತದೆ. ಪದವನ್ನು ಗುರುತಿಸುವುದು ಒಂದು, ಅದರ ಅರ್ಥ ಹಿಡಿಯುವುದು ಇನ್ನೊಂದು, ಆಡಿದವನ ಇಂಗಿತ ತಿಳಿಯುವುದು ಮತ್ತೊಂದು ಎಂದರು ಅವರು. ಎಮ್ಮಾರ್ವೋದಲ್ಲಿ ಮೊದಲ ಮೆಟ್ಟಿಲೇ ಕುಸಿಯಿತು. ಜಾಕೆಟ್ಟಿನಲ್ಲಿ ಮೊದಲನೆಯದು ಭದ್ರ, ಎರಡನೆಯದು ಹೋಯಿತು. ಮೂರನೆಯದರಲ್ಲಿ ಮಾತ್ರ ಕನ್ನಡಿಗ ಗಟ್ಟಿಗ. 'ವಿ ವಿಲ್ ಸೀ ಸಾರ್' ಎಂದರೆ ಕೆಲಸ ಆಗುವುದಿಲ್ಲವೆಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. 'ನೋಡೋಣ' ಎಂಬುದರೊಳಗೆ ಅವನು ಹುಟ್ಟಿಬೆಳೆದಿದ್ದಾನೆ. ಹೈದರಾಬಾದಿನ ದಖನಿಯಲ್ಲಿ 'ಪರ್ಸೋಂ' ಎಂದರೆ ಮೊನ್ನೆಯಿಂದ ಹಿಡಿದು ಹತ್ತು ವರ್ಷದ ಹಿಂದಿನವರೆಗೆ ಯಾವುದೂ ಆಗಬಹುದೆಂಬ ನಗೆಮಾತಿದೆ. ಅದೂ ನಮಗೆ ಅರ್ಥವಾಗುತ್ತದೆ, ನಮ್ಮ 'ಮೊನ್ನೆ ಮೊನ್ನೆ'ಯೂ ಅಷ್ಟೇ ಉದಾರವಾದದ್ದು.

ಹೈದರಾಬಾದಿನಲ್ಲೇ ಈ ವಿಷಯದ ಅಧ್ಯಯನಕ್ಕೆ ಹಳೆಯ ಪರಂಪರೆಯಿದೆ. ಈಗ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾಗಿರುವ ಸಂಸ್ಥೆ 1958ರಲ್ಲಿ ಶುರುವಾಯಿತು. ಭಾರತೀಯ ಇಂಗ್ಲಿಷ್ ಎಷ್ಟರಮಟ್ಟಿಗೆ ಅರ್ಥವಾಗುತ್ತದೆ ಎಂಬ ಬಗ್ಗೆ ಆರ್.ಕೆ. ಬನ್ಸಲ್ ಮಾಡಿದ ಅಧ್ಯಯನ 1969ರಲ್ಲಿ ಅಲ್ಲಿಂದ ಪುಸ್ತಕವಾಗಿ ಬಂತು. ಅಂದಿನ ಮುಖ್ಯ ಚಿಂತೆ ಪರದೇಶದವರಿಗೆ ನಮ್ಮ ಮಾತು ತಿಳಿಯುವುದೇ ಎಂಬುದು, ಮುಖ್ಯ ಆರೋಪಿ ಒತ್ತು. ಭಾರತೀಯನ ಇಂಗ್ಲಿಷ್ ಇನ್ನೊಬ್ಬ ಭಾರತೀಯನಿಗೆ ತಿಳಿಯದೆ ಹೋದಾಗ ಒತ್ತನ್ನು ದೂರಿ ಪ್ರಯೋಜನವಿಲ್ಲ, ಇಬ್ಬರಿಗೂ ಅದು ಬೇಕಾಗಿಲ್ಲ. ಹ್ರಸ್ವ, ದೀರ್ಘ, ದ್ವಿತ್ವ, ಆಗಮಗಳನ್ನು ನೋಡಬೇಕು. ಅವು ನಮ್ಮದೇ ವ್ಯಾಕರಣದ ಅಧ್ಯಾಯಗಳು.

ಕೇಳುಗನ ಕಿವಿ ಬೇಗ ಹೊಂದಿಕೊಳ್ಳುತ್ತದೆ ಎಂಬುದೂ ಪ್ರಯೋಗಗಳಿಂದ ತಿಳಿದಿದೆ. ಕಾನ್‌ಸ್ಟನ್ಸ್ ಕ್ಲಾರ್ಕ್ ಮತ್ತು ಮೆರಿಲ್ ಗ್ಯಾರೆಟ್ 2004ರಲ್ಲಿ ತೋರಿಸಿದಂತೆ, ಪರಿಚಯವಿಲ್ಲದ ಉಚ್ಚಾರಣೆಯಿಂದಾಗುವ ತಡೆ ಒಂದು ನಿಮಿಷದೊಳಗೇ ಬಹಳಷ್ಟು ಕಡಿಮೆಯಾಗುತ್ತದೆ. ಹಲವರ ಬಾಯಿಂದ ಕೇಳಿದವರು ಹೊಸಬರ ಮಾತನ್ನೂ ಬೇಗ ಹಿಡಿಯುತ್ತಾರೆ ಎಂದು ಆನ್ ಬ್ರಾಡ್ಲೋ ಮತ್ತು ಟೆಸಾ ಬೆಂಟ್ 2008ರಲ್ಲಿ ಕಂಡರು. ಬಸ್ ನಿಲ್ದಾಣದ ಕಷ್ಟವೆಂದರೆ ಅಲ್ಲಿ ಆ ಒಂದು ನಿಮಿಷ ಸಿಗುವುದಿಲ್ಲ. ಕಂಡಕ್ಟರ್ ಎರಡು ಪದ ಹೇಳಿ ಮುಂದಿನವರ ಕಡೆ ತಿರುಗುತ್ತಾನೆ.

ಸ್ಥಳೀಯರ ಕಿವಿಗಾದರೆ ಆ ಅಭ್ಯಾಸ ದಿನದಿನದ್ದು. ಮಕ್ತಲ್‌ನಿಂದ ಪಂಚದೇವಪಹಾಡಿಗೆ ಹೋಗಿ, ಅಲ್ಲಿಂದ ಹೊಳೆ ದಾಟಿದರೆ ಶ್ರೀಪಾದ ಶ್ರೀವಲ್ಲಭರ ಕುರುವಪುರ, ರಾಯಚೂರು ಜಿಲ್ಲೆಗೆ ಸೇರಿದ ನಡುಗಡ್ಡೆ. ಮಹಾರಾಷ್ಟ್ರದಿಂದ, ಕರ್ನಾಟಕದಿಂದ, ಆಂಧ್ರದಿಂದ ದತ್ತಭಕ್ತರು ಬರುತ್ತಲೇ ಇರುತ್ತಾರೆ. ಆ ದಾರಿಯ ಆಟೋದವನು ಪುಣೆಯ ಇಂಗ್ಲಿಷ್, ಬೆಂಗಳೂರಿನ ಇಂಗ್ಲಿಷ್, ವಿಜಯವಾಡದ ಇಂಗ್ಲಿಷ್ ಮೂರನ್ನೂ ಕೇಳಿ ಪಳಗಿದವನು. ಬೆಂಗಳೂರಿನವನ ಮಾತು ಅವನಿಗೆ ತಿಳಿಯುತ್ತದೆ, ಅವನ ಮಾತು ಬೆಂಗಳೂರಿನವನಿಗೆ ತಿಳಿಯುವುದಿಲ್ಲ. 'ಇಲ್ಲಿಯವರ ಇಂಗ್ಲಿಷ್ ಅರ್ಥವಾಗುವುದಿಲ್ಲ' ಎಂಬ ದೂರಿನಲ್ಲಿ ಕೊರತೆಯನ್ನು ಮಾತಾಡುವವನ ಮೇಲೆ ಹೊರಿಸಲಾಗುತ್ತದೆ. ಲೆಕ್ಕ ಹಾಕಿದರೆ ಹೆಚ್ಚು ಪಾಲು ಕೇಳುವವನದು.

ಇಂಗ್ಲಿಷನ್ನು ಆರಿಸಿಕೊಳ್ಳಬೇಕಾದ ಅಗತ್ಯವಾದರೂ ಎಷ್ಟಿತ್ತು? ಅಮೆರಿಕದಲ್ಲಿ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳಿಗೆ ಒಂದೇ ಧ್ವನಿಮುದ್ರಿತ ಪಾಠ ಕೇಳಿಸಿ, ಎದುರಿಗೆ ಬೇರೆ ಬೇರೆ ಮುಖದ ಚಿತ್ರ ಇಟ್ಟರು. ಏಷ್ಯಾದ ಮುಖ ಕಂಡವರಿಗೆ ಪಾಠ ಕಡಿಮೆ ಅರ್ಥವಾಯಿತು. ನಮ್ಮ ಪ್ರಯಾಣಿಕನ ಎದುರಿಗಿರುವುದು ಮುಖವಲ್ಲ, ತೆಲುಗು ಬೋರ್ಡು. ಬೋರ್ಡು ನೋಡಿದವನು ಇದು ತೆಲುಗು ಊರೆಂದು ಮೊದಲೇ ನಿರ್ಧರಿಸಿ ಇಂಗ್ಲಿಷಿನಲ್ಲಿ ಬಾಯಿ ತೆರೆಯುತ್ತಾನೆ. ಆ ಬೋರ್ಡನ್ನು ಕನ್ನಡ ಓದು ಬಲ್ಲವನು ಕೂಡಿಸಿಕೊಂಡು ಓದಬಹುದು, ತಲೆಕಟ್ಟು ಮತ್ತು ಕೆಲವು ಅಕ್ಷರಗಳ ಆಕಾರವಷ್ಟೇ ಬೇರೆ ಎನ್ನುವುದು ಆಗ ಹೊಳೆಯುವುದಿಲ್ಲ. ಎದುರಿನವನು 'ಬಸ್ಸು ಈಗ ಹೋತ್ರೀ, ಯಾ ಊರ್ರೀ ನಿಮ್ದು?' ಎಂದು ಉತ್ತರಿಸಿದರೂ ಅದು ಕನ್ನಡವೆಂದು ಮೊದಲ ಸಲಕ್ಕೆ ಗುರುತು ಸಿಗದವರಿದ್ದಾರೆ. ತೆಲುಗು ಕೇಳಲು ಸಿದ್ಧವಾದ ಕಿವಿ ಅದನ್ನು ತೆಲುಗೆಂದೇ ಬದಿಗಿಡುತ್ತದೆ. ಗದ್ವಾಲ ಪಟ್ಟಣದಲ್ಲಿ ಈ ಆಸರೆ ಸಿಗುವುದು ಕಡಿಮೆ, ಅಲ್ಲಿ ತೆಲುಗಿನದೇ ಮೇಲುಗೈ; ಮಕ್ತಲ್ ಮತ್ತು ಕೃಷ್ಣಾ ಕಡೆ ಧಾರಾಳ.

ಈಗ ಓಡಾಟ ಹೆಚ್ಚುತ್ತಿದೆ. ಗದ್ವಾಲ ರಾಯಚೂರು ರೈಲುಮಾರ್ಗ 2013ರಲ್ಲಿ ಬಂತು. ಜಕ್ಲೇರ್‌ನಿಂದ ಮಕ್ತಲ್ ಮೇಲೆ ಕೃಷ್ಣಾವರೆಗಿನ 37 ಕಿಲೋಮೀಟರ್ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿ ಕಾಚಿಗುಡ ರಾಯಚೂರು ರೈಲು ಇದೇ ದಾರಿ ಹಿಡಿದಿದೆ. ಶಾಲೆಗಳಲ್ಲೂ ಬದಲಾವಣೆಯಿದೆ: ತೆಲಂಗಾಣ ಸರ್ಕಾರ 2022-23ರಿಂದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತಂದಿತು. ಮುಂದಿನ ತಲೆಮಾರು 'ಥರ್ಟೀ'ಯ ದೀರ್ಘವನ್ನು ಬಿಡುತ್ತದೆಂದು ನಾನು ನಂಬುವುದಿಲ್ಲ. ಕಲಿಸುವವರ ಬಾಯಲ್ಲಿ, ಪತ್ರಿಕೆಯ ಅಚ್ಚಿನಲ್ಲಿ, ಟೀವಿಯ ಪಟ್ಟಿಯಲ್ಲಿ ಎಲ್ಲ ಕಡೆ ಅದು ದೀರ್ಘವೇ. ಕೃಷ್ಣಾ ಮಂಡಲದ ಹುಡುಗರು ಸೇತುವೆ ದಾಟಿ ರಾಯಚೂರಿನ ಕಾಲೇಜಿಗೆ ಬಂದರೆ ಅವರ ಇಂಗ್ಲಿಷಿಗೆ 'ಆಂಧ್ರದ್ದು' ಎನ್ನುತ್ತಾರೆ. ಅವರೇ ಹೈದರಾಬಾದಿಗೆ ಹೋದರೆ, ನೀವು ಕರ್ನಾಟಕದವರಾ ಎಂದು ಕೇಳುತ್ತಾರೆ. ರಾಯಚೂರಿಗೆ ಕೇಳಿಸಿದ್ದು ಮುಖ್ಯವಾಗಿ ಆ ದೀರ್ಘಗಳು ಮತ್ತು ಎಮ್ಮಾರ್ವೋದಂಥ ಪದಗಳು ಎಂದು ನನ್ನ ಊಹೆ. ಹೈದರಾಬಾದಿಗೆ ಕೇಳಿಸಿದ್ದು ವಾಕ್ಯದ ಕೊನೆಯಲ್ಲಿ ಏರುವ ಉತ್ತರ ಕರ್ನಾಟಕದ ರಾಗ. ಒಬ್ಬರದೇ ಮಾತನ್ನು ಎರಡೂ ಊರಿನ ಕೇಳುಗರಿಗೆ ಕೇಳಿಸಿ, ದೀರ್ಘವನ್ನು ಒಮ್ಮೆ, ರಾಗವನ್ನು ಒಮ್ಮೆ ಬದಲಿಸಿ ನೋಡಿದರೆ ಈ ಊಹೆ ನಿಲ್ಲುವುದೋ ಬೀಳುವುದೋ ತೀರ್ಮಾನವಾಗುತ್ತದೆ. ಅದಕ್ಕೆ ಒಂದು ಧ್ವನಿಮುದ್ರಣ ಯಂತ್ರ ಮತ್ತು ಕಾಚಿಗುಡ ರೈಲಿನ ಟಿಕೆಟ್ ಸಾಕು.